ಯಾರೂ ಮುಡಿಯದ ಹೂವು

ನಮ್ಮ ಕಡೆ ಹೂವಿಗೆ ಅಳತೆಯುಂಟು. ಬಿಡಿ ಹೂವಾದರೆ ಸೇರು; ಕಟ್ಟಿದ ಹೂವಾದರೆ ಮೊಳ; ಮೊಳ ಹೆಚ್ಚಿದರೆ ಮಾರು. ಮೊಳವೆಂಬುದು ಕೊಳ್ಳುವವರ ಕೈಯದೋ ಮಾರುವವರ ಕೈಯದೋ ಎಂಬ ವ್ಯಾಜ್ಯ ಗಾಂಧಿಬಜಾರಿನಲ್ಲಿ ನಮ್ಮ ಅಜ್ಜಿಯರ ಕಾಲದಿಂದ ನಡೆದು ಬಂದಿದೆ, ಇನ್ನೂ ತೀರ್ಪಾಗಿಲ್ಲ. ಈಗ ಸೇರು ಹೋಗಿ ಗ್ರಾಮು ಬಂದಿದೆ. ಆದರೆ ಮೊಳವನ್ನು ಅಲುಗಿಸಲು ಯಾವ ಸರಕಾರದಿಂದಲೂ ಆಗಲಿಲ್ಲ. ಜಯನಗರದ ನಾಲ್ಕನೆಯ ಬ್ಲಾಕಿನಲ್ಲಿ ಸಂಜೆ ಬುಟ್ಟಿಯ ಮುಂದೆ ಕುಳಿತ ಹೂವಾಡಗಿತ್ತಿ ಇವತ್ತಿಗೂ ಮೊಣಕೈಯಿಂದ ಬೆರಳ ತುದಿಯವರೆಗೆ ಮಲ್ಲಿಗೆಯನ್ನು ಎಳೆದು ಅಳೆಯುತ್ತಾಳೆ. ಕೊನೆಗೆ ಎರಡು ಹೂ ಹೆಚ್ಚಿಗೆ ಬಿಟ್ಟು ಕತ್ತರಿಸಿ, ಆ ಎರಡು ಹೂವಿನ ಔದಾರ್ಯದಿಂದ ನಮ್ಮ ಬಾಯಿ ಮುಚ್ಚಿಸುತ್ತಾಳೆ.

ಅಳತೆಯಂತೆ ಹೂವಿಗೆ ನಮ್ಮ ಭಾಷೆಯಲ್ಲಿ ಕ್ರಿಯಾಪದಗಳೂ ಹೇರಳ. ಬಿಡಿಸುವುದು, ಪೋಣಿಸುವುದು, ಕಟ್ಟುವುದು, ಏರಿಸುವುದು, ಮುಡಿಯುವುದು, ಮುಡಿಸುವುದು. ನಾವು ಬಟ್ಟೆ ಉಡುತ್ತೇವೆ, ಒಡವೆ ತೊಡುತ್ತೇವೆ, ಹೂ ಮುಡಿಯುತ್ತೇವೆ. ಈ ಮೂರಕ್ಕೂ ಇಂಗ್ಲಿಷಿನವರು ಒಂದೇ ಕ್ರಿಯಾಪದದಲ್ಲಿ ಸಂಸಾರ ಸಾಗಿಸುತ್ತಾರೆ ಎಂದು ನಾನು ತರಗತಿಯಲ್ಲಿ ಹೇಳಿದಾಗ ಹುಡುಗಿಯರು ಹೆಮ್ಮೆಯಿಂದ ನಗುತ್ತಾರೆ. ಆದರೆ ಈ ಪಟ್ಟಿಯಲ್ಲಿ ಒಂದು ಸಣ್ಣ ಕ್ರಿಯೆ ಬಿಟ್ಟುಹೋಗಿದೆ. ಹೂವನ್ನು ಸುಮ್ಮನೆ ನೋಡುವುದಕ್ಕೆ ನಮ್ಮಲ್ಲಿ ಬೇರೆ ಪದವಿಲ್ಲ. ಅಗತ್ಯ ಬೀಳಲಿಲ್ಲವೇನೋ.

ಇದಕ್ಕೆ ನಮ್ಮೂರಿನ ಹವೆಯೂ ಒಂದು ಕಾರಣವಿರಬಹುದು. ಬೆಂಗಳೂರಿನಲ್ಲಿ ಹೂವಿಲ್ಲದ ತಿಂಗಳಿಲ್ಲ. 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಜರ್ಮನಿಯ ತೋಟಗಾರ ಕ್ರುಂಬಿಗಲ್, ಒಂದು ಜಾತಿಯ ಮರ ಹೂ ಬಿಟ್ಟು ಮುಗಿಯುವ ಹೊತ್ತಿಗೆ ಇನ್ನೊಂದು ಜಾತಿಯದು ಅರಳುವಂತೆ ಲೆಕ್ಕ ಹಾಕಿ ಈ ಊರಿನ ಬೀದಿಗಳಲ್ಲಿ ಮರ ನೆಡಿಸಿದ. ಆ ಪುಣ್ಯಾತ್ಮನ ಲೆಕ್ಕ ಇನ್ನೂ ಪೂರ್ತಿ ಕೆಟ್ಟಿಲ್ಲ. ಟಬೂಬಿಯ ಉದುರುವ ಹೊತ್ತಿಗೆ ಜಕರಂದ ನೀಲಿಯಾಗಿ ನಿಲ್ಲುತ್ತದೆ. ಅದರ ಹಿಂದೆಯೇ ಗುಲ್‌ಮೊಹರು ಕೆಂಪಾಗುತ್ತದೆ. ನಾವು ಅದರ ಕೆಳಗೆ ಬಸ್ಸಿಗೆ ಕಾಯುತ್ತ ಗಡಿಯಾರ ನೋಡಿಕೊಳ್ಳುತ್ತೇವೆ. ವರ್ಷವಿಡೀ ಬರುವ ನೆಂಟನಿಗೆ ಯಾರು ಬಾಗಿಲಿಗೆ ಹೋಗಿ ಕಾಯುತ್ತಾರೆ?

ಹೂವಿನ ಮಾತು ಎತ್ತಿದ್ದರಿಂದ ನಮ್ಮ ಅಮ್ಮನ ವಿಚಾರ ಹೇಳಬೇಕು. ಅಮ್ಮನಿಗೆ ಹೂ ಕಟ್ಟುವುದರಲ್ಲಿ ನಮ್ಮ ಬೀದಿಗೇ ಹೆಸರು. ಬಾಳೆನಾರನ್ನು ನೀರಿನಲ್ಲಿ ನೆನೆಸಿ, ಎಳೆ ಎಳೆಯಾಗಿ ಸೀಳಿ, ಎರಡು ಮೊಗ್ಗು ಈಚೆ ಎರಡು ಮೊಗ್ಗು ಆಚೆ ಇಟ್ಟು ಅವಳು ಗಂಟು ಹಾಕಿದರೆ ದಂಡೆ ಒತ್ತಾಗಿ ಬರುತ್ತದೆ. ಅಷ್ಟಾದರೂ ಒಂದು ಎಸಳೂ ನಲುಗುವುದಿಲ್ಲ. ಟೆಲಿವಿಷನ್ ನೋಡುತ್ತ, ಮೊಮ್ಮಗಳ ಪಾಠ ಒಪ್ಪಿಸಿಕೊಳ್ಳುತ್ತ, ಒಲೆಯ ಮೇಲಿನ ಹಾಲಿನ ಕಡೆ ಒಂದು ಕಣ್ಣಿಟ್ಟು ಕಟ್ಟುತ್ತಾಳೆ. ನಾನು ಕಾಲೇಜಿಗೆ ಹೊರಟಾಗ, "ಬೋಳು ಜಡೆ ಹಾಕ್ಕೊಂಡು ಹೋಗ್ಬೇಡ್ವೇ, ಬಾ ಇಲ್ಲಿ," ಎಂದು ಕರೆದು ತಾನೇ ಮುಡಿಸುತ್ತಾಳೆ.

ಅವಳು ಮುಡಿಯುವುದಿಲ್ಲ. ನಮ್ಮ ಅಪ್ಪ ತೀರಿಕೊಂಡು ಆಗ 16 ವರ್ಷವಾಗಿತ್ತು. ಅಪ್ಪ ಇದ್ದಷ್ಟು ದಿನ ಶುಕ್ರವಾರ ಸಂಜೆ ಆಫೀಸಿನಿಂದ ಬರುವಾಗ ಬಾಳೆ ಎಲೆಯಲ್ಲಿ ಸುತ್ತಿದ ಮಲ್ಲಿಗೆಯ ಪೊಟ್ಟಣವನ್ನು ತರುತ್ತಿದ್ದರು. ಅದನ್ನು ಕೈಗೆ ಕೊಡುವ ರೂಢಿ ಅವರಿಗಿರಲಿಲ್ಲ. ಸುಮ್ಮನೆ ಅಡಿಗೆಮನೆಯ ಕಟ್ಟೆಯ ಮೇಲಿಟ್ಟು ಕೈಕಾಲು ತೊಳೆಯಲು ಹೋಗುತ್ತಿದ್ದರು. ಅವರು ಹೋದ ಮೇಲೆ ಮುಡಿಯಬೇಡವೆಂದು ಅಮ್ಮನಿಗೆ ಯಾರೂ ಹೇಳಲಿಲ್ಲ. ಹೇಳುವಂಥ ಹಿರಿಯರು ಮನೆಯಲ್ಲಿ ಯಾರೂ ಉಳಿದಿರಲೂ ಇಲ್ಲ. ತಾನಾಗಿಯೇ ಬಿಟ್ಟಳು. ಅಕ್ಕಮಹಾದೇವಿಯನ್ನು ಪಾಠ ಹೇಳುವವಳಲ್ಲವೆ ನಾನು? ಒಂದು ದಿನ ಸರಿಯಾಗಿ ವಾದ ಹೂಡಿದೆ. ಕಾಲ ಬದಲಾಗಿದೆ, ನಮ್ಮ ಕಾಲೇಜಿನಲ್ಲೇ ಇಂಥಿಂಥವರು ಮುಡಿಯುತ್ತಾರೆ, ಹುಟ್ಟಿದಂದಿನಿಂದ ಮುಡಿದ ಹೂವು ಮದುವೆಯಿಂದ ಬಂದದ್ದಲ್ಲ, ಎಂದೆಲ್ಲ ಹೇಳಿದೆ. ಅಮ್ಮ ದಾರವನ್ನು ಹಲ್ಲಿನಲ್ಲಿ ಕಚ್ಚಿ ತುಂಡುಮಾಡಿ, "ನಂಗೇನು ಅದರಿಂದ ದುಃಖ ಇಲ್ಲ ಕಣೇ. ಕಟ್ಟಿದ ಮೇಲೆ ಕೈಯಲ್ಲಿ ವಾಸನೆ ಉಳಿಯುತ್ತಲ್ಲ, ಸಾಕು," ಎಂದಳು. ಈ ಮಾತಿಗೆ ನನ್ನ ಎಂ.ಎ. ಪದವಿಯಲ್ಲಿ ಉತ್ತರವಿರಲಿಲ್ಲ.

ಇಂಥ ಅಮ್ಮನನ್ನು ಕರೆದುಕೊಂಡು ನಾನು ಕಾಶ್ಮೀರಕ್ಕೆ ಹೋದದ್ದು 2024ರ ಏಪ್ರಿಲಿನಲ್ಲಿ. ಆ ವರ್ಷದ ಬೇಸಗೆಯನ್ನು ಬೆಂಗಳೂರಿನವರಾರೂ ಮರೆತಿರಲಾರರು. ಹಿಂದಿನ ವರ್ಷ ಮಳೆ ಕೈಕೊಟ್ಟು ಕೊಳವೆಬಾವಿಗಳು ಒಣಗಿದ್ದುವು. ಬೀದಿ ಬೀದಿಯಲ್ಲಿ ನೀರಿನ ಲಾರಿಗೆ ಕಾಯುವ ಕೊಡಗಳ ಸಾಲು. ನಮ್ಮ ಮನೆಯ ಮುಂದಿನ ದಾಸವಾಳಕ್ಕೆ ಅಕ್ಕಿ ತೊಳೆದ ನೀರೇ ಗತಿಯಾಗಿತ್ತು. ಅಂಥ ಸಮಯದಲ್ಲಿ, ಅಡಿಗೆಯವರನ್ನೂ ಜೊತೆಗೆ ಕರೆದೊಯ್ಯುವ ಒಂದು ಪ್ರವಾಸದ ಗುಂಪಿಗೆ ಹಣ ಕಟ್ಟಿ ಹೊರಟೆವು. ಗುಂಪಿನಲ್ಲಿ 16 ಜನ. ಹೆಚ್ಚಿನವರು ಜಯನಗರ, ಬನಶಂಕರಿ, ಜೆ.ಪಿ. ನಗರದ ಕಡೆಯವರೇ. ವಿಮಾನದಲ್ಲಿ ಕುಳಿತ ಮೇಲೆ ನಮ್ಮ ತರಕಾರಿ ಅಂಗಡಿಗಳ ದರವನ್ನು ಹೋಲಿಸಿ ನೋಡುವಷ್ಟು ಸಲಿಗೆ ಬೆಳೆಯಿತು.

ಅಮ್ಮನಿಗೆ ಕಾಶ್ಮೀರವೆಂದರೆ ಬೆಳಿಗ್ಗೆ ಹೇಳುವ ಶಾರದೆಯ ಶ್ಲೋಕ. ದೇವಿಯನ್ನು ಅದು ಕಾಶ್ಮೀರಪುರದಲ್ಲಿ ವಾಸಿಸುವವಳೆಂದು ಕರೆಯುತ್ತದೆ. ಆದ್ದರಿಂದ ಅಮ್ಮನ ಮನಸ್ಸಿನಲ್ಲಿ ಅದು ಶೃಂಗೇರಿಯ ಶಾರದೆಯ ತವರು. ನನಗೆ ಕಾಶ್ಮೀರವೆಂದರೆ ಪಠ್ಯಪುಸ್ತಕ. ಹನ್ನೊಂದನೆಯ ಶತಮಾನದಲ್ಲಿ ಬಿಲ್ಹಣನೆಂಬ ಕವಿ ಆ ಹಿಮದ ನಾಡನ್ನು ಬಿಟ್ಟು, ಊರೂರು ಅಲೆದು, ಕೊನೆಗೆ ನಮ್ಮ ಕಲ್ಯಾಣಕ್ಕೆ ಬಂದು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಸ್ಥಾನ ಸೇರಿದ. ಆ ದೊರೆಯ ಮೇಲೆ ‘ವಿಕ್ರಮಾಂಕದೇವಚರಿತ’ವನ್ನು ಬರೆದ. ಮುಂದಿನ ಶತಮಾನದಲ್ಲಿ, ಕಾಶ್ಮೀರದ ಅರಸನೊಬ್ಬ ರಾಜ್ಯವನ್ನು ತೊರೆದು, ಮಡದಿಯೊಡನೆ ಅದೇ ಕಲ್ಯಾಣಕ್ಕೆ ಬಂದು, ಸೌದೆಯ ಹೊರೆ ಮಾರಿ ಬದುಕಿದನೆಂದೂ, ಅವನೇ ಮೋಳಿಗೆಯ ಮಾರಯ್ಯನೆಂದೂ ಶರಣರ ಪರಂಪರೆ ಹೇಳುತ್ತದೆ. ಅಲ್ಲಿಂದ ಇಲ್ಲಿಗೆ ಬಂದವರ ಕಥೆಗಳೇ ನಮ್ಮಲ್ಲಿ ಹೆಚ್ಚು. ಇಲ್ಲಿಂದ ಅಲ್ಲಿಗೆ ಹೋದವರು ಬಹುಶಃ ನಮ್ಮಂತೆ ಉಣ್ಣೆಯ ಟೋಪಿ ಕೊಂಡುಕೊಂಡು ಹಿಂದಿರುಗಿದರೇ ಹೊರತು ಕಾವ್ಯ ಬರೆಯಲಿಲ್ಲ.

ಶ್ರೀನಗರದಲ್ಲಿ ಇಳಿದಾಗ ಮಧ್ಯಾಹ್ನ. ಬಿಸಿಲಿತ್ತು, ಆದರೆ ಆ ಬಿಸಿಲಿಗೆ ಬಣ್ಣವಿತ್ತೇ ವಿನಾ ಕಾವಿರಲಿಲ್ಲ. ಸುತ್ತಲ ಬೆಟ್ಟಗಳ ನೆತ್ತಿಯಲ್ಲಿ ಹಿಮ ಇನ್ನೂ ಇತ್ತು. ಮುದುಕರು ಫಿರನ್ ಎಂಬ ಉದ್ದನೆಯ ನಿಲುವಂಗಿ ತೊಟ್ಟು, ಕೈಗಳನ್ನು ಅದರೊಳಗೇ ಎಳೆದುಕೊಂಡು ನಡೆಯುತ್ತಿದ್ದರು. ಡಿಸೆಂಬರ್ 21ರಿಂದ ನಲವತ್ತು ದಿನ ಅಲ್ಲಿ ಚಿಲ್ಲೈ ಕಲಾನ್ ಎಂಬ ಕಡುಚಳಿಯ ಕಾಲ. ಸರೋವರದ ಅಂಚು ಹೆಪ್ಪುಗಟ್ಟುತ್ತದೆ, ನಲ್ಲಿಯ ನೀರು ನಲ್ಲಿಯಲ್ಲೇ ಕಲ್ಲಾಗುತ್ತದೆ. ನೀರಿಲ್ಲದೆ ಕಷ್ಟಪಡುವ ಊರಿನಿಂದ ನೀರು ಕಲ್ಲಾಗಿ ಕಷ್ಟಕೊಡುವ ಊರಿಗೆ ಬಂದೆವಲ್ಲ ಎಂದುಕೊಂಡೆ.

ಏಪ್ರಿಲ್ 9ರಂದು ಯುಗಾದಿ. ಕ್ರೋಧಿ ಸಂವತ್ಸರದ ಮೊದಲ ದಿನ. ಕಾಶ್ಮೀರಿ ಪಂಡಿತರಿಗೂ ಅದೇ ದಿನ ಹೊಸ ವರ್ಷ, ನವ್‌ರೇಹ್ ಎನ್ನುತ್ತಾರೆ. ಅಮ್ಮ ಬೆಂಗಳೂರಿನಿಂದಲೇ ಬೇವಿನ ಹೂವನ್ನೂ ಬೆಲ್ಲವನ್ನೂ ಡಬ್ಬಿಯಲ್ಲಿ ಹಾಕಿಕೊಂಡು ಬಂದಿದ್ದಳು. ಹೋಟೆಲಿನ ಕೋಣೆಯಲ್ಲಿ ಅಂಗೈ ಅಗಲದ ದೇವರ ಪಟವನ್ನು ಕಿಟಕಿಯ ಹಲಗೆಯ ಮೇಲಿಟ್ಟು ಪೂಜೆಯಾಯಿತು. ಗುಂಪಿನಲ್ಲಿದ್ದ ಬನಶಂಕರಿಯ ಗೃಹಿಣಿಯೊಬ್ಬರು ಒದ್ದೆ ಬಟ್ಟೆಯಲ್ಲಿ ಸುತ್ತಿ ಮಲ್ಲಿಗೆಯ ಮೊಗ್ಗಿನ ದಂಡೆ ತಂದಿದ್ದರು. ಅಲ್ಲಿಯ ಚಳಿಗೆ ಅದು ಮೂರು ದಿನವಾದರೂ ಬಾಡಿರಲಿಲ್ಲ. ಗೇಣು ಗೇಣು ಕತ್ತರಿಸಿ ಹೆಂಗಸರಿಗೆಲ್ಲ ಹಂಚುತ್ತ ಬಂದರು. ಅಮ್ಮನ ಮುಂದೆ ಬಂದಾಗ ಅವರ ಕೈ ಒಂದು ಗಳಿಗೆ ತಡೆಯಿತು. "ನೀವು ದೇವರಿಗೆ ಇಡಿ, ಅಮ್ಮ," ಎಂದು ಮೆಲ್ಲಗೆ ಕೊಟ್ಟರು. ಅಮ್ಮ ಅದನ್ನು ಕಣ್ಣಿಗೊತ್ತಿಕೊಂಡು ಪಟದ ಮೇಲಿಟ್ಟಳು. ಆ ತಾಯಿಯ ಮೇಲೆ ನನ್ನ ದೂರೇನೂ ಇಲ್ಲ. ನಮ್ಮ ಬೀದಿಯಲ್ಲಿ ಯಾವ ಮನೆಯ ಅರಿಸಿನ ಕುಂಕುಮಕ್ಕೆ ಹೋದರೂ ನಡೆಯುವುದು ಅದೇ. ಅವರು ಅದನ್ನು ಎಲ್ಲರಿಗಿಂತ ಮೃದುವಾಗಿ ಮಾಡಿದರು. ಆದರೆ ಆ ಒಂದು ಗಳಿಗೆಯ ತಡೆ ಇದೆಯಲ್ಲ, ಹದಿನಾರು ವರ್ಷಗಳಲ್ಲಿ ಎಷ್ಟು ಸಲ ಎಷ್ಟು ಕೈಗಳು ಹಾಗೆ ತಡೆದಿರಬೇಕು ಎಂದು ನನ್ನ ಮನಸ್ಸು ಎಣಿಸತೊಡಗಿತು.

ಅಂದಿನ ಕಾರ್ಯಕ್ರಮ ಟ್ಯೂಲಿಪ್ ತೋಟ. ಡಾಲ್ ಸರೋವರದ ಹತ್ತಿರ, ಜಬರ್ವಾನ್ ಬೆಟ್ಟದ ಬುಡದಲ್ಲಿ ಸುಮಾರು 30 ಹೆಕ್ಟೇರು, ಎಂದರೆ ನಮ್ಮ ಲೆಕ್ಕದಲ್ಲಿ ಎಪ್ಪತ್ತು ಎಕರೆಗೂ ಮೇಲು, ಇಳಿಜಾರಿನಲ್ಲಿ ಹರಡಿಕೊಂಡಿದೆ. ಮೊದಲು ಇದಕ್ಕೆ ಸಿರಾಜ್ ಬಾಗ್ ಎಂಬ ಹೆಸರಿತ್ತು. 2007ರಲ್ಲಿ ಇಂದಿರಾ ಗಾಂಧಿಯವರ ಹೆಸರಿನಲ್ಲಿ ಟ್ಯೂಲಿಪ್ ತೋಟವಾಗಿ ಜನರಿಗೆ ತೆರೆಯಿತು. ಬೇಸಗೆಗೆ ಮಾತ್ರ ಬರುತ್ತಿದ್ದ ಪ್ರವಾಸಿಗರು ವಸಂತದಲ್ಲೇ ಬರಲೆಂಬುದು ಇದರ ಉದ್ದೇಶ. ಏಳು ಅಂತಸ್ತುಗಳಾಗಿ ನೆಲವನ್ನು ಮಟ್ಟಮಾಡಿ ಹೂ ನೆಟ್ಟಿದ್ದಾರೆ. ಗಿಡಗಳು ಹದಿನೈದು ಲಕ್ಷಕ್ಕೂ ಮಿಕ್ಕಿವೆಯಂತೆ. ಲಕ್ಷವೆಂಬುದು ಬಾಯಲ್ಲಿ ಹೇಳುವ ಮಾತು. ಕಣ್ಣಿಗೆ ಲಕ್ಷ ತಿಳಿಯುವುದಿಲ್ಲ. ಕಣ್ಣಿಗೆ ತಿಳಿದದ್ದು ಬಣ್ಣದ ಪಟ್ಟೆಗಳು. ಕೆಂಪಿನದೊಂದು, ಹಳದಿಯದೊಂದು, ಬಿಳಿಯದೊಂದು, ಬದನೆಕಾಯಿಯ ಬಣ್ಣದ್ದೊಂದು. ಅಂಚು ನೇರ, ಬಣ್ಣ ಗಟ್ಟಿ. ಮೊಳಕಾಲ್ಮುರು ಸೀರೆಗಳನ್ನು ಬೆಟ್ಟದ ಬುಡದಲ್ಲಿ ಒಣಹಾಕಿದ್ದಾರೆ ಎಂದಳು ಅಮ್ಮ. ಇದಕ್ಕಿಂತ ಒಳ್ಳೆಯ ಉಪಮೆ ನನಗೆ ಹೊಳೆಯಲಿಲ್ಲ.

ಹತ್ತಿರ ಹೋಗಿ ನೋಡಿದರೆ ಹೂವು ಬಹಳ ಸರಳ. ಒಂದು ದಂಟು, ಎರಡು ಮೂರು ಅಗಲವಾದ ಎಲೆ, ತುದಿಯಲ್ಲಿ ಒಂದೇ ಹೂ. ಆರು ಎಸಳು ಸೇರಿ ನಿಂತ ಬಟ್ಟಲು. ಅಮ್ಮ ಬಗ್ಗಿ ಮೂಸಿ ನೋಡಿದಳು. ಮತ್ತೊಂದನ್ನು ಮೂಸಿದಳು. "ವಾಸನೆಯೇ ಇಲ್ವಲ್ಲೇ!" ಎಂದಳು. ಕೆಲವು ಜಾತಿಗಳಿಗೆ ಸ್ವಲ್ಪ ಪರಿಮಳವಿದೆ ಎನ್ನುತ್ತಾರೆ. ನಾವು ಬಗ್ಗಿದ ಸಾಲಿನಲ್ಲಂತೂ ಇರಲಿಲ್ಲ. ವಾಸನೆಯಿಲ್ಲ, ದಂಡೆ ಕಟ್ಟಲು ಬರುವುದಿಲ್ಲ, ದೇವರಿಗೆ ಏರಿಸುವ ಪದ್ಧತಿಯಿಲ್ಲ. ನಮ್ಮ ಗಾಂಧಿಬಜಾರಿನ ಲೆಕ್ಕದಲ್ಲಿ ಇದು ಪೂರಾ ನಿರುಪಯೋಗಿ ಹೂವು.

ತಮಾಷೆಯೇನೆಂದರೆ, ಈ ಹೂವಿನ ಹೆಸರು ಬಂದಿರುವುದೇ ತಲೆಗೆ ಸುತ್ತುವ ಮುಂಡಾಸಿನಿಂದ. ತುರ್ಕಿಯವರ ರುಮಾಲಿನ ಹೆಸರು ಯೂರೋಪಿನವರ ಬಾಯಲ್ಲಿ ತಿರುಚಿಕೊಂಡು ಟ್ಯೂಲಿಪ್ ಆಯಿತು. ಆಕಾರ ರುಮಾಲಿನಂತಿದ್ದುದರಿಂದಲೋ, ಅಲ್ಲಿಯ ಗಂಡಸರು ಅದನ್ನು ರುಮಾಲಿನಲ್ಲಿ ಸಿಕ್ಕಿಸಿಕೊಳ್ಳುತ್ತಿದ್ದುದರಿಂದಲೋ, ಎರಡು ಬಗೆಯಾಗಿಯೂ ಹೇಳುತ್ತಾರೆ. ಅದರ ಹುಟ್ಟೂರು ಮಧ್ಯ ಏಷ್ಯದ ಬೆಟ್ಟಗಳು. ಅಲ್ಲಿಂದ ತುರ್ಕಿಗೆ, ತುರ್ಕಿಯಿಂದ ಹದಿನಾರನೆಯ ಶತಮಾನದಲ್ಲಿ ಯೂರೋಪಿಗೆ ಹೋಯಿತು. ಹಾಲೆಂಡಿನವರಿಗೆ ಅದರ ಹುಚ್ಚು ಹಿಡಿದು, ಒಂದೊಂದು ಗಡ್ಡೆಯ ಬೆಲೆ ಮನೆಯ ಬೆಲೆಗೆ ಏರಿ, 1637ರ ಫೆಬ್ರುವರಿಯಲ್ಲಿ ಒಮ್ಮೆಗೇ ಕುಸಿಯಿತು. ನಾವು ಮೊಳದ ಮೇಲೆ ಜಗಳಾಡುವುದು ಇದಕ್ಕಿಂತ ಎಷ್ಟೋ ಮೇಲು.

ಕಾಶ್ಮೀರಕ್ಕೆ ಮಾತ್ರ ಈ ಹೂವಿನ ಬಂಧುವರ್ಗ ಹೊಸತಲ್ಲ. ಅಲ್ಲಿಯ ಹಳೆಯ ಮನೆಗಳ ಮಾಡಿಗೆ ಭೂರ್ಜಪತ್ರದ ತೊಗಟೆಯನ್ನು ಹಾಸಿ ಮೇಲೆ ಮಣ್ಣು ಹೊದಿಸುತ್ತಿದ್ದರು. ಆ ಮಣ್ಣಿನಲ್ಲಿ ಟ್ಯೂಲಿಪ್ ಬೆಳೆಸುತ್ತಿದ್ದರು. ವಸಂತದಲ್ಲಿ ಊರಿನ ಮಾಡುಗಳೆಲ್ಲ ಹೂವಾಗುತ್ತಿದ್ದುದನ್ನು ಜಹಾಂಗೀರ ಬಾದಶಹ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಈಗ ಎಲ್ಲೆಲ್ಲೂ ತಗಡಿನ ಮಾಡು. ಆದರೂ ಆ ಚಿತ್ರ ನನ್ನ ಕಣ್ಣಿಗೆ ಕಟ್ಟಿತು: ಅಲ್ಲಿ ಹೆಂಗಸರೂ ಅಲ್ಲ, ದೇವರೂ ಅಲ್ಲ, ಮನೆಗಳೇ ಹೂ ಮುಡಿಯುತ್ತಿದ್ದುವು. ಆ ಮನೆಯಲ್ಲಿ ಮುತ್ತೈದೆಯಿದ್ದಾಳೋ ವಿಧವೆಯಿದ್ದಾಳೋ ಎಂದು ಹೂವು ಕೇಳುತ್ತಿರಲಿಲ್ಲ.

ನಾಲ್ಕನೆಯ ಅಂತಸ್ತಿನಲ್ಲಿ ಒಬ್ಬ ಮುದಿ ಮಾಲಿ ಕಳೆ ಕೀಳುತ್ತಿದ್ದ. ಅಮ್ಮ ನಿಂತಳು; ಗಿಡದ ಕೆಲಸ ಮಾಡುವವರನ್ನು ಕಂಡರೆ ಅವಳು ಮಾತಾಡಿಸದೆ ಮುಂದೆ ಹೋಗುವವಳಲ್ಲ. ಅವಳ ಕನ್ನಡವನ್ನು ನಾನು ಮುರುಕು ಹಿಂದಿಗೆ ತಂದೆ. ಅವನ ಕಾಶ್ಮೀರಿ ಬೆರೆತ ಉರ್ದುವನ್ನು ಅಂದಾಜಿನಿಂದ ಕನ್ನಡಕ್ಕೆ ತಂದೆ. ಗಡ್ಡೆಗಳು ಹಾಲೆಂಡಿನಿಂದ ಬರುತ್ತವೆ. ಹಿಮ ಬೀಳುವ ಮುಂಚೆ ನೆಡಬೇಕು. ಚಳಿಗಾಲವೆಲ್ಲ ಅವು ಮಣ್ಣಿನಲ್ಲಿ, ಹಿಮದ ಕೆಳಗೆ ಮಲಗಿರುತ್ತವೆ. ಬೇಗ ಅರಳುವವು, ನಡುವೆ ಅರಳುವವು, ತಡವಾಗಿ ಅರಳುವವು ಎಂದು ಮೂರು ಬಗೆ ಬೆರೆಸಿ ನೆಟ್ಟರೂ ಎಲ್ಲ ಸೇರಿ ಸುಮಾರು ಒಂದು ತಿಂಗಳು. ಒಂದೊಂದು ಹೂವಿನ ಆಯುಸ್ಸು ಅದಕ್ಕಿಂತ ಎಷ್ಟೋ ಕಡಮೆ. ಜೋರು ಮಳೆ ಬಿದ್ದರೆ, ಬಿಸಿಲು ಏರಿದರೆ ಅದೂ ಇಲ್ಲ. ಉಳಿದ ಹನ್ನೊಂದು ತಿಂಗಳು ಈ ಒಂದು ತಿಂಗಳಿಗಾಗಿ ಕೆಲಸ.

"ನಮ್ಮೂರಿನಲ್ಲಿ ಹಾಕಿದರೆ ಬರುತ್ತೇನಪ್ಪಾ?" ಎಂದು ಅಮ್ಮ ಕೇಳಿಸಿದಳು. ಮಾಲಿ ನಕ್ಕ. ಚಳಿಯಲ್ಲಿ ಮಲಗದಿದ್ದರೆ ಇದು ಏಳುವುದಿಲ್ಲ ಎಂದ. ಅದು ನಿಜವೇ. ಹೂವಿನ ದಂಟು ಒಳಗೆ ಸಿದ್ಧವಾಗಬೇಕಾದರೆ ಗಡ್ಡೆಗೆ ಹನ್ನೆರಡು ವಾರಕ್ಕೂ ಮಿಕ್ಕಿ ಚಳಿ ಬೇಕು. ನಮ್ಮ ಲಾಲ್‌ಬಾಗಿನ ಮಣ್ಣು ಎಷ್ಟು ಒಳ್ಳೆಯದಾದರೂ ಆ ಕಷ್ಟವನ್ನು ಕೊಡಲಾರದು. ಚಳಿಯೆಂದರೆ ಗಿಡಕ್ಕೆ ಶತ್ರುವೆಂದು ತಿಳಿದಿದ್ದ ಅಮ್ಮನಿಗೆ ಇದು ಬಹಳ ಹಿಡಿಸಿತು. ಡಬ್ಬಿಯಲ್ಲಿ ಉಳಿದಿದ್ದ ಬೇವು ಬೆಲ್ಲವನ್ನು ತೆಗೆದು, ಇವತ್ತು ನಮ್ಮ ಹೊಸ ವರ್ಷವೆಂದು ಹೇಳು, ಎಂದು ಅವನ ಮುಂದೆ ಹಿಡಿದಳು. ಅವನು ಕೈಯನ್ನು ಎದೆಗಿಟ್ಟುಕೊಂಡು ರೋಜಾ ಎಂದ. ಅದು ರಂಜಾನ್ ತಿಂಗಳ ಕೊನೆ. ಮಾರನೆಯ ದಿನವೇ ಅವರಿಗೆ ಹಬ್ಬ. ಅಮ್ಮ ಡಬ್ಬಿ ಹಿಂತೆಗೆದುಕೊಳ್ಳುವುದರೊಳಗೆ ಅವನೇ ಜೇಬಿನಿಂದ ಒಂದು ಕಾಗದ ತೆಗೆದು, ಒಂದು ಚಿಟಿಕೆ ಅದರಲ್ಲಿ ಹಾಕಿಸಿಕೊಂಡು ಮಡಿಸಿದ. ಸಂಜೆ ಉಪವಾಸ ಬಿಟ್ಟ ಮೇಲೆ ತಿನ್ನುತ್ತೇನೆ ಎಂದ. ಕಹಿ ಇರುತ್ತದೆಂದು ಹೇಳೇ, ಎಂದು ಅಮ್ಮ ನನ್ನನ್ನು ತಿವಿದಳು. ಹೇಳಿದೆ. ಅವನು ಇನ್ನೊಮ್ಮೆ ನಕ್ಕು ಕಳೆಯ ಕಡೆ ತಿರುಗಿದ.

ಅಷ್ಟರಲ್ಲಿ ಕೆಳಗಿನ ಅಂತಸ್ತಿನಿಂದ ಸೀಟಿಯ ಸದ್ದು ಕೇಳಿಸಿತು. ನಮ್ಮ ಗುಂಪಿನವರೇ ಒಬ್ಬರು, ಬಿದ್ದಿದ್ದ ಒಂದು ಕೆಂಪು ಹೂವನ್ನು ಎತ್ತಿ, ಮುಡಿದ ಮಲ್ಲಿಗೆಯ ಪಕ್ಕದಲ್ಲಿ ಸಿಕ್ಕಿಸಿಕೊಂಡು ಫೋಟೋಕ್ಕೆ ನಿಂತಿದ್ದರು. ಕಾವಲಿನವನು ದೂರದಿಂದಲೇ ಸೀಟಿ ಊದುತ್ತ ಬಂದ. ಬಿದ್ದ ಹೂವು ಎಂದು ಇವರು, ಬಿದ್ದದ್ದೂ ಮುಟ್ಟಬಾರದು ಎಂದು ಅವನು. ಕೊನೆಗೆ ಅವರು ನಾಚಿಕೊಂಡು ಹೂವನ್ನು ಗಿಡದ ಬುಡದಲ್ಲಿಟ್ಟರು.

ಅಮ್ಮ ಮೇಲಿನಿಂದ ಇದನ್ನೆಲ್ಲ ನೋಡುತ್ತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ತನ್ನಷ್ಟಕ್ಕೆ ಎಂಬಂತೆ ಹೇಳಿದಳು:

"ಇಷ್ಟು ಲಕ್ಷ ಹೂವು. ಒಂದನ್ನೂ ಯಾರೂ ಮುಡಿಯೋ ಹಾಗಿಲ್ಲ. ಇಲ್ಲಿ ಎಲ್ಲಾರೂ ನನ್ನ ಹಾಗೇ ಕಣೇ, ನೋಡ್ಕೊಂಡು ಹೋಗೋರೆ."

ಅದರಲ್ಲಿ ವ್ಯಥೆಯಿರಲಿಲ್ಲ. ಬೆಳಿಗ್ಗೆಯ ಪ್ರಸಂಗವನ್ನು ಎತ್ತಿ ಆಡಿದ ಧ್ವನಿಯೂ ಇರಲಿಲ್ಲ. ಅಂಗಡಿಯ ಲೆಕ್ಕ ಸರಿಹೋದಾಗ ಹೇಳುವ ಧ್ವನಿ ಅದು. ಹೇಳಿದವಳು ಶಾಲನ್ನು ಬಿಗಿಯಾಗಿ ಹೊದ್ದುಕೊಂಡು ಐದನೆಯ ಅಂತಸ್ತಿಗೆ ಹತ್ತತೊಡಗಿದಳು. ನಮ್ಮ ಮನೆಯ ಮಹಡಿಯ ಮೆಟ್ಟಿಲಿಗೆ ಮಂಡಿನೋವು ಎನ್ನುವವಳು ಏಳು ಅಂತಸ್ತನ್ನೂ ಹತ್ತಿದಳು. ಒಂದೊಂದು ಬಣ್ಣದ ಮುಂದೆಯೂ ಕೈಕಟ್ಟಿ ನಿಂತಳು. ಹೂವು ಅವಳ ಕೈಯಲ್ಲಿರುವುದನ್ನು ನಾನು ದಿನವೂ ನೋಡುತ್ತೇನೆ. ಹೂವಿನ ಮುಂದೆ ಅವಳು ಬರಿಗೈಯಲ್ಲಿ ನಿಂತದ್ದನ್ನು ಅಂದೇ ನೋಡಿದ್ದು. ಆಯಬೇಕಾಗಿಲ್ಲ, ಕಟ್ಟಬೇಕಾಗಿಲ್ಲ, ಯಾರಿಗೆ ಕೊಡಬೇಕು ಯಾರಿಗೆ ಬಿಡಬೇಕು ಎಂಬುದಿಲ್ಲ. ಎರಡು ಗಂಟೆಯ ಹೊತ್ತು ಅವಳು ಕೆಲಸವಿಲ್ಲದವಳಾಗಿ ಹೂವಿನ ನಡುವೆ ತಿರುಗಿದಳು.

ಮಧ್ಯಾಹ್ನ ಶಾಲಿಮಾರಿಗೆ ಹೋದೆವು. 1619ರಲ್ಲಿ ಜಹಾಂಗೀರ ಮಾಡಿಸಿದ ತೋಟ. ನಡುವೆ ಕಾಲುವೆ, ಎರಡು ಕಡೆ ಹುಲ್ಲು, ಚಿನಾರ್ ಮರಗಳು. ನೀರು ಮೇಲಿನಿಂದ ಅಂತಸ್ತು ಅಂತಸ್ತಾಗಿ ಇಳಿದು ಬರುತ್ತದೆ. ಕೆಳಗಿನ ಅಂತಸ್ತು ಪ್ರಜೆಗಳಿಗೆ ದರ್ಶನ ಕೊಡುವುದಕ್ಕೆ. ನಡುವಣದು ಆಸ್ಥಾನದ ಆಪ್ತರಿಗೆ. ಎಲ್ಲಕ್ಕೂ ಮೇಲಿನದು ರಾಣೀವಾಸಕ್ಕೆ. ಕನ್ನಡದಲ್ಲಿ ಅಂತಸ್ತು ಎಂಬ ಮಾತಿಗೆ ಎರಡು ಅರ್ಥವುಂಟಷ್ಟೆ: ಕಟ್ಟಡದ ಮಜಲು ಒಂದು, ಮನುಷ್ಯನ ದರ್ಜೆ ಇನ್ನೊಂದು. ಆ ಎರಡು ಅರ್ಥವೂ ಒಂದೇ ನೆಲದ ಮೇಲೆ ಕೂಡಿ ನಿಂತದ್ದನ್ನು ನಾನು ಅಲ್ಲಿ ಕಂಡೆ. ಅದೇ ನೀರು, ಅದೇ ಹೂವು. ಯಾರು ಎಷ್ಟು ಮೆಟ್ಟಿಲು ಹತ್ತಬಹುದೆಂಬುದಕ್ಕೆ ಲೆಕ್ಕ. ಆ ಲೆಕ್ಕ ಈಗ ಅಳಿಸಿಹೋಗಿದೆ. ನಾವು ಹೋದಾಗ ರಾಣೀವಾಸದ ಅಂತಸ್ತಿನಲ್ಲಿ ಯಾವುದೋ ಊರಿನ ಶಾಲೆಯ ಮಕ್ಕಳು ಸಾಲಾಗಿ ಕುಳಿತು ಕಿತ್ತಳೆ ಸುಲಿಯುತ್ತಿದ್ದರು.

ಈ ಮೊಗಲ್ ತೋಟಗಳಿಗೂ ನಮ್ಮ ಜಯನಗರಕ್ಕೂ ದೂರದ ನೆಂಟಸ್ತನವಿದೆ ಎಂದು ಅಮ್ಮನಿಗೆ ಅಲ್ಲೇ ಹುಲ್ಲಿನ ಮೇಲೆ ಕುಳಿತು ಹೇಳಿದೆ. 1687ರಲ್ಲಿ ಔರಂಗಜೇಬನ ಸೈನ್ಯ ನಮ್ಮ ಕಡೆಗೆ ಬಂದಮೇಲೆ ತುಮಕೂರು ಸೀಮೆಯ ಶಿರಾ ಮೊಗಲರ ಪ್ರಾಂತ್ಯದ ರಾಜಧಾನಿಯಾಯಿತು. ಅಲ್ಲಿಯ ಸುಬೇದಾರರು ತಮ್ಮ ರೂಢಿಯ ತೋಟ ಹಾಕಿಸಿದರು. ಆ ಶಿರಾದ ತೋಟವನ್ನು ಕಂಡೇ ಹೈದರಾಲಿಗೆ ಬೆಂಗಳೂರಿನಲ್ಲೊಂದು ತೋಟ ಮಾಡುವ ಮನಸ್ಸಾಯಿತೆಂದು ಹೇಳುತ್ತಾರೆ. 1760ರಲ್ಲಿ ಲಾಲ್‌ಬಾಗಿನ ಕೆಲಸ ಮೊದಲಾಯಿತು. ಟಿಪ್ಪು ದೇಶದೇಶಗಳಿಂದ ಗಿಡ ತರಿಸಿದ. 1856ರಲ್ಲಿ ಅದು ಸರಕಾರದ ಸಸ್ಯೋದ್ಯಾನವಾಯಿತು. 1889ರಲ್ಲಿ ಗಾಜಿನ ಮನೆಗೆ ಅಡಿಗಲ್ಲು ಬಿತ್ತು. ದೊರೆಯ ತೋಟವಾಗಿದ್ದದ್ದು 240 ಎಕರೆಯ ಊರ ತೋಟವಾಗಿ ಬೆಳೆಯಿತು. "ಹಾಗಾದ್ರೆ ಇದು ನಮ್ಮ ಲಾಲ್‌ಬಾಗಿನ ಅಜ್ಜಿಮನೆ ಅನ್ನು," ಎಂದಳು ಅಮ್ಮ. ಇತಿಹಾಸದ ಅಧ್ಯಾಪಕರು ಒಪ್ಪುತ್ತಾರೋ ಇಲ್ಲವೋ, ನಾನು ಒಪ್ಪಿಕೊಂಡೆ.

ಸಾರ್ವಜನಿಕ ಎಂಬ ಪದವನ್ನು ನಾವು ಬಳಸಿ ಬಳಸಿ ಸವೆಸಿದ್ದೇವೆ. ಸಾರ್ವಜನಿಕ ಸೂಚನೆ, ಸಾರ್ವಜನಿಕ ಶೌಚಾಲಯ, ಸಾರ್ವಜನಿಕರು ಸಹಕರಿಸಬೇಕು. ಆದರೆ ಹೂವಿನ ಜೊತೆ ಅದು ಸೇರಿದಾಗ ಏನಾಗುತ್ತದೆಂಬುದು ಆ ತೋಟದಲ್ಲಿ ನನ್ನ ಕಣ್ಣಿಗೆ ಬಿತ್ತು. ಮನೆಯ ಹೂವಿಗೆ ಯಜಮಾನರಿದ್ದಾರೆ, ಗುಡಿಯ ಹೂವಿಗೆ ದೇವರಿದ್ದಾನೆ, ಮುಡಿದ ಹೂವಿಗೆ ಹಿಂದೆ ಒಬ್ಬ ಗಂಡನಿರಬೇಕೆಂದು ಲೋಕ ಹೇಳುತ್ತದೆ. ಊರ ತೋಟದ ಹೂವು ಯಾರಿಗೂ ಸೇರಿದ್ದಲ್ಲವಾದ್ದರಿಂದ ಅಲ್ಲಿ ಕೈ ತಡೆಯುವ ಪ್ರಶ್ನೆಯೇ ಇಲ್ಲ. ಕೀಳಬಾರದೆಂಬ ಕಟ್ಟಳೆ ಮೇಲುನೋಟಕ್ಕೆ ನಿಷೇಧ. ಒಳಗೆ ಅದೇ ಹಂಚಿಕೆ.

ಊರಿಗೆ ಹಿಂದಿರುಗಿದ ಮೇಲೆ ಹೇಳಿಕೊಳ್ಳುವಂಥ ಬದಲಾವಣೆಯೇನೂ ಆಗಲಿಲ್ಲ. ಅಮ್ಮ ಹೂ ಮುಡಿಯಲಿಲ್ಲ. ನಾನೂ ವಾದ ಹೂಡಲಿಲ್ಲ. ಶ್ರೀನಗರದಿಂದ ತಂದ ಒಂದು ಗ್ರಾಮು ಕೇಸರಿಯನ್ನು ಶ್ರೀರಾಮನವಮಿಯ ಪಾಯಸಕ್ಕೆ ಹಾಕಿದಳು. ಒಂದು ಗ್ರಾಮಿಗೆ ನೂರೈವತ್ತರಷ್ಟು ಹೂ ಬೇಕೆಂದು ತಿಳಿದು, ಅಕ್ಕಪಕ್ಕದವರಿಗೆ ಲೋಟ ಕೊಡುವಾಗ, "ಹೂವಿದು, ಚೆಲ್ಲಬೇಡಿ," ಎಂದು ಎಚ್ಚರಿಸಿದಳು. ಬೆಳಗಿನ ದಂಡೆ, ನನ್ನ ಜಡೆ, ಮೊಮ್ಮಗಳ ಜುಟ್ಟು ಎಲ್ಲ ಎಂದಿನಂತೆ.

ಒಂದು ಹೊಸ ಅಭ್ಯಾಸ ಮಾತ್ರ ಅವಳಿಗೆ ಬಂದಿದೆ. ಭಾನುವಾರ ಬೆಳಿಗ್ಗೆ ಲಾಲ್‌ಬಾಗಿಗೆ ಹೋಗೋಣವೆನ್ನುತ್ತಾಳೆ. ಜನವರಿ, ಆಗಸ್ಟಿನ ಫಲಪುಷ್ಪ ಪ್ರದರ್ಶನದ ನೂಕುನುಗ್ಗಲಿನಲ್ಲಲ್ಲ; ಸುಮ್ಮನೆ ಒಂದು ಭಾನುವಾರ. ಮೆಟ್ರೋದಲ್ಲಿ ಜಯನಗರದಿಂದ ಎರಡು ನಿಲ್ದಾಣ. ಗಾಜಿನ ಮನೆಯ ಸುತ್ತ ಒಂದು ಸುತ್ತು ಬಂದು, ಕೆರೆಯ ಕಡೆ ಹೋಗುವ ದಾರಿಯಲ್ಲಿ ಕಲ್ಲು ಬೆಂಚಿನ ಮೇಲೆ ಕೂರುತ್ತೇವೆ. ಮೊನ್ನೆ ಅಲ್ಲಿ, ಕಣಗಿಲೆಯ ಪಾತಿಯ ಮುಂದೆ ಹೊಸದಾಗಿ ಬಣ್ಣ ಬಳಿದ ಹಲಗೆಯೊಂದಿತ್ತು. ಅಮ್ಮ ಕನ್ನಡಕ ಏರಿಸಿಕೊಂಡು ಗಟ್ಟಿಯಾಗಿ ಓದಿದಳು: "ಹೂ ಕೀಳಬಾರದು."

"ಒಳ್ಳೇ ಬೋರ್ಡು ಕಣೇ," ಎಂದು ಹೇಳಿ, ಇನ್ನೂ ಆ ಕಡೆಯ ಪಾತಿ ನೋಡಬೇಕು ಎಂದು ಎದ್ದಳು.